ನಿದ್ದೆ ಬರುತ್ತಿಲ್ಲ ಎಂದು ಬಂದವರು

ಅಂಟಾರ್ಕ್ಟಿಕದ ಮೈತ್ರಿ ಠಾಣೆಯಲ್ಲಿ ನಾನು ಒಂದು ಚಳಿಗಾಲ ವೈದ್ಯನಾಗಿದ್ದೆ. 1989ರಿಂದ ಶಿರ್ಮಾಕರ್ ಎಂಬ ಬಂಡೆಬಯಲಿನ ಮೇಲೆ ನಿಂತಿರುವ ನಮ್ಮ ದೇಶದ ಠಾಣೆ ಅದು. ಬೇಸಿಗೆಯ ತಂಡ ಮಾರ್ಚ್ ಹೊತ್ತಿಗೆ ಹೊರಟಿತೆಂದರೆ ಮತ್ತೆ ಊರಿನ ಕಡೆಯವರ ಮುಖ ಕಾಣುವುದು ನವೆಂಬರ್‌ನಲ್ಲೇ. ಉಳಿಯುವವರು ಇಪ್ಪತ್ತೈದು ಜನರ ಆಸುಪಾಸು. ಎಲ್ಲರೂ ಮನಸ್ಸಿನ ಪರೀಕ್ಷೆ, ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿ ದಾಟಿ ಬಂದ ಗಟ್ಟಿಗರು. ಇಂಥವರು 'ಬೇಸರವಾಗಿದೆ' ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ಮೇ ಕೊನೆಗೆ ಸೂರ್ಯ ಹೋದ. ಇನ್ನೆರಡು ತಿಂಗಳು ಕತ್ತಲೆ. "ಡಾಕ್ಟರ್ ಸಾಬ್, ನಿದ್ದೆ ಹತ್ತುತ್ತಿಲ್ಲ" ಎಂದು ಒಬ್ಬರು, ಹೊಟ್ಟೆಯುಬ್ಬರವೆಂದು ಇನ್ನೊಬ್ಬರು ಬಂದರು. ಮತ್ತೊಬ್ಬರಿಗೆ ಹಿಡಿದ ಕೆಲಸ ನಡುವೆಯೇ ಮರೆತುಹೋಗುತ್ತಿತ್ತು. ಧ್ರುವದ ಚಳಿಗಾಲದಲ್ಲಿ ಥೈರಾಯ್ಡ್ ಹಾರ್ಮೋನುಗಳ ನಡೆ ಬದಲಾಗುತ್ತದೆ, ದೇಹದ ಗಡಿಯಾರ ಬೆಳಕಿಲ್ಲದೆ ಜಾರುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ಮೊದಲು ಮಾತ್ರೆ ಕೊಟ್ಟೆ. ಎರಡು ವಾರದಲ್ಲಿ ಅವರೇ ಮತ್ತೆ ಬಂದರು.

ಆಮೇಲೆ ತಿಂಡಿಯ ಹೊತ್ತನ್ನು ಹಿಡಿದುಕೊಂಡೆ. ಬೆಳಿಗ್ಗೆ ಏಳೂವರೆಗೆ ಊಟದ ಕೋಣೆಯ ದೀಪಗಳೆಲ್ಲ ಉರಿಯಬೇಕು, ರಾತ್ರಿ ಜನರೇಟರ್ ಪಾಳಿ ಮಾಡಿದವರನ್ನು ಬಿಟ್ಟು ಎಲ್ಲರೂ ಬರಬೇಕು. ಯಾರು ಬಂದರು, ಯಾರು ಬರಲಿಲ್ಲ ಎಂದು ಒಂದು ಪುಸ್ತಕದಲ್ಲಿ ಲೆಕ್ಕ ಇಟ್ಟೆ. ಮೂರು ದಿನ ಬಾರದವರ ಬಾಗಿಲನ್ನು ಚಹಾ ಹಿಡಿದು ನಾನೇ ತಟ್ಟುತ್ತಿದ್ದೆ. ಅಡುಗೆಮನೆಯಲ್ಲಿ ಸರದಿ ಕೆಲಸ ಎಲ್ಲರಿಗೂ ಇತ್ತು. ನನ್ನ ಸರದಿ ಇಲ್ಲದ ದಿನವೂ ಹೋಗಿ ಈರುಳ್ಳಿ ಹೆಚ್ಚುತ್ತಾ ಕೂತೆ. ಕ್ಲಿನಿಕ್ಕಿನಲ್ಲಿ ನಿದ್ದೆಯ ಮಾತಷ್ಟೇ ಆಡಿದವರು ಅಲ್ಲಿ ಮಗಳ ಪರೀಕ್ಷೆ, ಮನೆಸಾಲ, ಫೋನಿನಲ್ಲಿ ಹೆಂಡತಿಯ ದನಿ ಸಣ್ಣಗಾಗಿದ್ದು, ಎಲ್ಲವನ್ನೂ ಹೇಳಿಕೊಂಡರು.

ಜೂನ್‌ನಲ್ಲಿ ಒಬ್ಬರ ತಂದೆ ತೀರಿಕೊಂಡರು. ಸುದ್ದಿ ಬಂದದ್ದು ಉಪಗ್ರಹ ಫೋನಿನಲ್ಲಿ. ಹೋಗುವ ದಾರಿಯೇ ಇಲ್ಲ. ಅವರು ಅಳಲಿಲ್ಲ, ಮರುದಿನ ಕೆಲಸಕ್ಕೂ ಹೋದರು. ನನಗೆ ಹೆದರಿಕೆಯಾದದ್ದು ಅದನ್ನು ನೋಡಿಯೇ. ಹನ್ನೊಂದನೆಯ ದಿನ ಏನಾದರೂ ಮಾಡೋಣವೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಕಾಗೆಗೆ ಎಡೆ ಇಡಬೇಕಿತ್ತು" ಎಂದರು. ಅಲ್ಲಿ ಕಾಗೆ ಎಲ್ಲಿಂದ ಬರಬೇಕು? ಸ್ಕುವಾ ಹಕ್ಕಿಗಳೂ ಚಳಿಗಾಲಕ್ಕೆ ಹೊರಟುಹೋಗಿರುತ್ತವೆ. ಅಂಟಾರ್ಕ್ಟಿಕ ಒಪ್ಪಂದದ ಪರಿಸರ ನಿಯಮದಂತೆ ಹೊರಗೆ ಅನ್ನ ಇಡುವಂತೆಯೂ ಇಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ ಎಡೆ ಇಟ್ಟೆವು. ಠಾಣೆಯಲ್ಲಿ ಬೆಂಕಿಯಷ್ಟು ದೊಡ್ಡ ಭಯ ಇನ್ನೊಂದಿಲ್ಲ, ಹಾಗಾಗಿ ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಂಡು ಹತ್ತು ನಿಮಿಷ ದೀಪ ಹಚ್ಚಿದೆವು. ನಾನಾ ಭಾಷೆಯ, ನಾನಾ ಧರ್ಮದವರೆಲ್ಲ ಬಂದು ನಿಂತರು. ಅವರು ಆಗ ಅತ್ತರು. ಆ ರಾತ್ರಿ ನಿದ್ದೆ ಮಾಡಿದರು ಎಂದು ಅವರ ಕೋಣೆಯ ಜೊತೆಗಾರರು ಹೇಳಿದರು.

ಜುಲೈ ಕೊನೆಗೆ ಸೂರ್ಯ ಬಂದ. ಹೊರಗೆ ಓಡಿಹೋಗಿ ಕುಣಿದೆವು. ಗಂಡಾಂತರ ಕಳೆಯಿತೆಂದು ನಾನು ತಿಂಡಿಯ ಲೆಕ್ಕ ಸಡಿಲ ಬಿಟ್ಟದ್ದು ತಪ್ಪಾಯಿತು. ಕತ್ತಲೆಯಲ್ಲಿ ಎಲ್ಲರೂ ಸೂರ್ಯನಿಗಾಗಿ ಕಾಯುತ್ತಿದ್ದೆವು. ಅವನು ಬಂದ ಮೇಲೂ ಮನೆಗೆ ಇನ್ನೂ ನಾಲ್ಕು ತಿಂಗಳಿತ್ತು. ಆಗಸ್ಟ್ ಕೊನೆಗೆ, ಕತ್ತಲೆಯಿಡೀ ಒಟ್ಟಿಗೆ ಇಸ್ಪೀಟು ಆಡಿದ್ದ ಇಬ್ಬರು ಒಂದು ಸ್ಟೀಲ್ ಲೋಟದ ವಿಷಯಕ್ಕೆ ಮಾತು ಬಿಟ್ಟರು. ಯಾರದು ಸರಿ ಎಂದು ನಾನು ಕೇಳಲಿಲ್ಲ. ಇಬ್ಬರ ಅಡುಗೆ ಸರದಿ ಬೇರೆ ಮಾಡಿಸಿ, ದಿನಕ್ಕೊಬ್ಬರಂತೆ ಪ್ರಿಯದರ್ಶಿನಿ ಸರೋವರದ ಕಡೆಗೆ ನನ್ನ ಜೊತೆ ನಡೆಯಲು ಕರೆದೊಯ್ದೆ. ಹನ್ನೆರಡನೆಯ ದಿನ ಒಬ್ಬರು ಇನ್ನೊಬ್ಬರಿಗೆ ಉಪ್ಪಿನಕಾಯಿ ಬಾಟಲಿ ದಾಟಿಸಿದರು.

ಮುಂದಿನ ವೈದ್ಯರು ಬಂದಾಗ ಔಷಧಿ ದಾಸ್ತಾನಿನ ಪಟ್ಟಿಯ ಜೊತೆಗೆ ಹೆಸರುಗಳನ್ನೆಲ್ಲ ತೆಗೆದ ನನ್ನ ತಿಂಡಿ ಲೆಕ್ಕದ ಪುಸ್ತಕವನ್ನೂ ಕೊಟ್ಟೆ. ಆಗಸ್ಟ್, ಸೆಪ್ಟೆಂಬರ್ ಪುಟಗಳಿಗೆ ಕೆಂಪು ಶಾಯಿಯ ಗುರುತು ಹಾಕಿದ್ದೆ.