ನೆರೆ ಪರಿಹಾರದ ಹಣ: ಎಣಿಸುವುದು ಹೇಗೆ, ಹಂಚುವುದು ಹೇಗೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಒಟ್ಟಿಗೇ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಮುಳುಗಿಸಿದವು. ಅದೇ ಅಕ್ಟೋಬರ್‌ನಲ್ಲಿ ಮಲಪ್ರಭೆ ಮತ್ತೆ ದಡ ಮೀರಿತು. ನೆರೆ ಪರಿಹಾರಕ್ಕೆಂದು ಹಣ ಕೂಡಿಸಿ ಮೊದಲ ವಾರದಲ್ಲೇ ಕೈ ಖಾಲಿ ಮಾಡಿಕೊಂಡ ಸಂಘದ ಬಳಿ ಇಂಥ ಎರಡನೇ ಹೊಡೆತಕ್ಕೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಬಂದ ಹಣವನ್ನು ಮೊದಲ ದಿನವೇ ಭಾಗ ಮಾಡಿ. 10 ಲಕ್ಷ ಸೇರಿದ್ದರೆ ಮೊದಲ ವಾರಕ್ಕೆ 2 ಲಕ್ಷ, ಮುಂದಿನ ಒಂದೂವರೆ ತಿಂಗಳಿಗೆ 3 ಲಕ್ಷ, ಮನೆ ಮತ್ತು ದುಡಿಮೆ ಮತ್ತೆ ನಿಲ್ಲಿಸಲು ನಾಲ್ಕೂವರೆ ಲಕ್ಷ, ಸಾಗಣೆಗೂ ಲೆಕ್ಕಪತ್ರಕ್ಕೂ 50 ಸಾವಿರ. ಇದು ನಮ್ಮ ಸಲಹೆ. ಊರು ನೋಡಿ ತುಸು ಬದಲಿಸಬಹುದು, ಆದರೆ ಮನೆ, ದುಡಿಮೆಗೆ ಇಟ್ಟ ಪಾಲನ್ನು ಮಾತ್ರ ಮುಟ್ಟಬೇಡಿ.

ಒಲೆ ಎಣಿಸಿ

ಮನೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರ ಮೂರು ಒಲೆ ಉರಿಯುತ್ತಿರುತ್ತವೆ, ಪಟ್ಟಿಯಲ್ಲಿ ಒಂದೇ ಹೆಸರು ಬರುತ್ತದೆ. ಒಲೆಗೊಂದು ಸಾಲು ಬರೆದು ಜನ, ಹಾಲು ಕುಡಿಯುವ ಕೂಸು, ಬಸುರಿ, ಹಾಸಿಗೆ ಹಿಡಿದವರು, ದನಕರು, ಕೆಲಸದ ಬಗೆ ಗುರುತು ಮಾಡಿಕೊಳ್ಳಿ. ಊರ ಹಿರಿಯರ ಜೊತೆ ಮಾತಾಡಿ ಎದ್ದುಬಿಡಬೇಡಿ. ದಲಿತ ಕೇರಿ, ಹೊಳೆದಂಡೆಯ ಗುಡಿಸಲು, ಬಾಡಿಗೆ ಮನೆ, ಒಂಟಿ ಹೆಂಗಸರ ಮನೆಗಳಿಗೆ ನೀವೇ ಹೋಗಿ. ಹೆಂಗಸರನ್ನು ಕೇಳಲು ತಂಡದಲ್ಲಿ ಹೆಂಗಸರೇ ಇರಲಿ. ಸ್ಯಾನಿಟರಿ ಪ್ಯಾಡ್, ಒಳಉಡುಪಿನ ಕೊರತೆಯನ್ನು ಗಂಡಸರ ಮುಂದೆ ಯಾರೂ ಹೇಳುವುದಿಲ್ಲ.

ಸಮೀಕ್ಷೆ ಎರಡು ಸಲ ಆಗಬೇಕು. ಮೊದಲನೆಯದು ಊರಿಗೆ ಕಾಲಿಡಲು ಸಾಧ್ಯವಾದ ಎರಡು ದಿನದೊಳಗೆ. ಎರಡನೆಯದು ನೀರು ಇಳಿದು ಹತ್ತು ದಿನದ ಮೇಲೆ. ನೆನೆದ ಮಣ್ಣಿನ ಗೋಡೆ ನೀರಿನಲ್ಲಿ ನಿಂತಿದ್ದು, ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಮೇಲೆ ಕುಸಿಯುವುದುಂಟು. ಮೊದಲ ಪಟ್ಟಿಯಲ್ಲಿ ‘ಭಾಗಶಃ ಹಾನಿ’ ಎಂದಿದ್ದ ಮನೆ ಎರಡನೆಯದರಲ್ಲಿ ಪೂರ್ತಿ ಬಿದ್ದಿರುತ್ತದೆ. ಆಗ ತಾರೀಖು ಕಾಣುವಂಥ ಫೋಟೋ ತೆಗೆದು, ಮರುಪಂಚನಾಮೆಗಾಗಿ, ಅಂದರೆ ಹಾನಿಯನ್ನು ಮತ್ತೊಮ್ಮೆ ನೋಡಿ ದಾಖಲಿಸಲು, ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಬರೆದುಕೊಡಿ. ಸ್ವೀಕೃತಿ ಇಲ್ಲದೆ ಅರ್ಜಿ ಕೊಡಬೇಡಿ.

ಮೊದಲ ವಾರ

ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಂಗಲು ಮೂರೂವರೆ ಚದರ ಮೀಟರ್ ಜಾಗ ಬೇಕು. ಒಲೆಗೆ ಐವರಂತೆ 300 ಒಲೆಗೆ 22,500 ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರ್ ದಿನಕ್ಕೆ ಐದು ಸಲ ಬರಬೇಕು. ತಿಳಿಯಾದ ಬಾವಿ ನೀರಿಗೆ 1,000 ಲೀಟರ್‌ಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ರಾಡಿ ನೀರಿಗೆ ಅದು ಸಾಲದು, ಮೊದಲು ಕೆಸರು ಎತ್ತಿಸಿ. ಬಾಯಿ ತೆರೆದಿಟ್ಟ ಚೀಲದ ಪುಡಿ ಸತ್ವ ಕಳೆದುಕೊಂಡಿರುತ್ತದೆ.

ಊಟದ ಕಿಟ್‌ನಲ್ಲಿ ಆಗುವ ದೊಡ್ಡ ತಪ್ಪು ಬರೀ ಅಕ್ಕಿ ತುಂಬುವುದು. ಈ ಸೀಮೆಯವರ ಹೊಟ್ಟೆ ತುಂಬುವುದು ಜೋಳದ ರೊಟ್ಟಿಯಿಂದ. ಗಿರಣಿ ನೀರಲ್ಲಿ ಮುಳುಗಿರುವಾಗ ಜೋಳ ಕೊಟ್ಟರೂ ಪ್ರಯೋಜನವಿಲ್ಲ, ಹಿಟ್ಟು ಬೇಕು. ಹಿಟ್ಟು ಬೇಗ ಕೆಡುವುದರಿಂದ ವಾರಕ್ಕಾಗುವಷ್ಟೇ ಕೊಡಿ. ದನಗಳನ್ನು ಮರೆಯಲೇಬಾರದು. ಬಣವೆ ಕೊಚ್ಚಿಹೋಗಿ ಉಳಿದ ಕಣಿಕೆಗೆ (ಒಣಗಿದ ಜೋಳದ ದಂಟಿಗೆ) ಬೂಸು ಹಿಡಿದಿರುತ್ತದೆ. ದೊಡ್ಡ ದನಕ್ಕೆ ದಿನಕ್ಕೆ ಸುಮಾರು 6 ಕೆ.ಜಿ. ಒಣ ಮೇವು ಹಿಡಿದರೆ 200 ದನಕ್ಕೆ 1,200 ಕೆ.ಜಿ. ಮೇವು ಸಿಗದಿದ್ದರೆ ಮಂದಿ ಎಮ್ಮೆಯನ್ನು ಅರ್ಧ ಬೆಲೆಗೆ ಮಾರಿಬಿಡುತ್ತಾರೆ. ಕಳೆದುಹೋದ ಆ ಸಂಪಾದನೆಯನ್ನು ಯಾವ ಕಿಟ್ಟೂ ತುಂಬಿಕೊಡುವುದಿಲ್ಲ. ಹಳೆಯ ಬಟ್ಟೆ ಮಾತ್ರ ಬೇಡವೇ ಬೇಡ.

ಸರ್ಕಾರ ಬಿಟ್ಟ ಕಂದಕ

2019ರಲ್ಲಿ ರಾಜ್ಯ ಸರ್ಕಾರ ತುರ್ತು ಪರಿಹಾರವಾಗಿ ಕುಟುಂಬಕ್ಕೆ 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. 2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಲ್ಲಿ ಬಯಲು ಪ್ರದೇಶದ ಪೂರ್ಣ ಹಾನಿಯ ಮನೆಗೆ 1.2 ಲಕ್ಷ, ಸತ್ತ ಹಸು ಅಥವಾ ಎಮ್ಮೆಗೆ 37,500 ರೂಪಾಯಿ. ಬೆಳೆ ಪರಿಹಾರ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರಿಗೆ ಸಿಗುತ್ತದೆ. ಲಾವಣಿಗೆ (ಗೇಣಿಗೆ) ಹೊಲ ಹಿಡಿದು ಬೀಜ, ಗೊಬ್ಬರಕ್ಕೆ ಸಾಲ ಮಾಡಿದವರು ಬರಿಗೈಯಲ್ಲಿ ಉಳಿಯುತ್ತಾರೆ. ಕೂಲಿಕಾರರು, ಹೊಲಿಗೆ ಯಂತ್ರ ಕಳೆದುಕೊಂಡವರು, ಸಣ್ಣ ಅಂಗಡಿಯವರದೂ ಅದೇ ಪಾಡು. ನಿಮ್ಮ ಹಣ ಮೊದಲು ಹೋಗಬೇಕಾದದ್ದು ಇವರಿಗೆ.

ಸಂತೆ ಮತ್ತೆ ಕೂಡಿದ ಕೂಡಲೇ ಸಾಮಾನು ನಿಲ್ಲಿಸಿ ನಗದಿಗೆ ಬನ್ನಿ, ಹೆಂಗಸರ ಖಾತೆಗೆ ಹಾಕಿ. ಎಲ್ಲರಿಗೂ ಹಾಕುವ ಮುನ್ನ ಒಂದು ರೂಪಾಯಿ ಕಳಿಸಿ ಪರೀಕ್ಷಿಸಿ. ಪಾಸ್‌ಬುಕ್ ತೇಲಿಹೋಗಿ ಬಾಯಿಪಾಠದ ಅಂಕಿ ತಪ್ಪಿರುತ್ತದೆ, ಎಷ್ಟೋ ಖಾತೆ ನಿಷ್ಕ್ರಿಯವಾಗಿರುತ್ತವೆ.

ಹೊರದೇಶದ ಕನ್ನಡ ಸಂಘಗಳು ಒಂದು ನಿಯಮ ಗಮನಿಸಬೇಕು. ವಿದೇಶಿ ದೇಣಿಗೆ ಪಡೆಯಲು ಇಲ್ಲಿನ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಸಂಸ್ಥೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಊರಲ್ಲಿ ತಾನೇ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯನ್ನೇ ಹುಡುಕಿ.

ಮೂರು ವಾರದ ಮೇಲೆ

ಪಡೆದವರ ಪಟ್ಟಿಯನ್ನು ಪಂಚಾಯಿತಿ ಗೋಡೆಗೂ ಗುಡಿಯ ಕಟ್ಟೆಗೂ ಅಂಟಿಸಿ, ಓದುಬಾರದವರಿಗಾಗಿ ಗಟ್ಟಿಯಾಗಿ ಓದಿಸಿ. ಮೂರು ವಾರ ಬಿಟ್ಟು, ಹಂಚಿಕೆಯಲ್ಲಿ ಇಲ್ಲದ ಇಬ್ಬರು ಪಟ್ಟಿಯ ಪ್ರತಿ ಹತ್ತನೇ ಒಲೆಗೆ ಹೋಗಲಿ. ಸಿಕ್ಕಿತೇ, ಎಷ್ಟು, ಅದಕ್ಕಾಗಿ ಯಾರಿಗಾದರೂ ದುಡ್ಡು ಕೊಡಬೇಕಾಯಿತೇ, ಏನಕ್ಕೆ ಬಳಸಿದಿರಿ, ಪಕ್ಕದಲ್ಲಿ ಯಾರಿಗೆ ಸಿಕ್ಕಿಲ್ಲ ಎಂದು ಕೇಳಲಿ. ಕೊನೆಯ ಪ್ರಶ್ನೆಗೆ ಬಂದ ಹೆಸರುಗಳನ್ನು ಮೂಲ ಪಟ್ಟಿಯೊಂದಿಗೆ ತಾಳೆ ನೋಡಿ.

ಮನೆ ಕಟ್ಟಿಸುವ ಮಾತು ಬಂದರೆ 2009ರ ನೆರೆಯ ನಂತರದ ‘ಆಸರೆ’ ಪುನರ್ವಸತಿ ಬಡಾವಣೆಗಳನ್ನು ಹೋಗಿ ನೋಡಿ ಬನ್ನಿ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಕೂಡುಕುಟುಂಬಕ್ಕೆ ಮನೆ ಸಾಲದು ಎಂದು ಹಲವೆಡೆ ಮಂದಿ ಒಕ್ಕಲು ಹೋಗಲಿಲ್ಲ. ನಕ್ಷೆ ಬರೆಸುವ ಮುನ್ನ ದನದ ಕೊಟ್ಟಿಗೆ ಎಲ್ಲಿ ಬರಬೇಕೆಂದು ಮನೆಯವರಿಂದಲೇ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿ.