ಪಂಪಿನ ಆ ಸಣ್ಣ ರಂಧ್ರಕ್ಕೆ ಎಂ-ಸೀಲ್ ಮೆತ್ತಬೇಡಿ

ಚಿತ್ರದುರ್ಗದ ನನ್ನ ಗ್ಯಾರೇಜಿಗೆ ಬರುವ ಹಳೆಯ ಕಾರುಗಳ ರೇಡಿಯೇಟರ್ ಮುಚ್ಚಳ ತೆಗೆದರೆ ತುಕ್ಕಿನ ಬಣ್ಣದ ನೀರು ಕಾಣುವುದು ಮಾಮೂಲು. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಸುರಿದರೆ ಒಳಗೆ ಸುಣ್ಣ ಕಟ್ಟುತ್ತದೆ, ಎಂಜಿನ್ ತಂಪಾಗಿಸುವ ನೀರನ್ನು ಸುತ್ತಿಸುವ ವಾಟರ್ ಪಂಪಿನ ಸೀಲ್ ಸವೆಯುತ್ತದೆ. ಕೂಲೆಂಟ್ (ಎಂಜಿನ್ ತಂಪಿಗೆಂದೇ ಸಿಗುವ ಬಣ್ಣದ ದ್ರವ) ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ ಹಾಕಿ. ಇಲ್ಲಿ ಜಿಪುಣತನ ಬೇಡ.

ಪಂಪಿನ ಕೆಳಭಾಗದಲ್ಲಿ ಸಣ್ಣ ರಂಧ್ರವೊಂದಿರುತ್ತದೆ. ಸೋರುತ್ತಿದೆ ಎಂದು ಅದಕ್ಕೆ ಎಂ-ಸೀಲ್ ಮೆತ್ತಿಸಿಕೊಂಡು ಬರುವ ಮಹಾನುಭಾವರಿದ್ದಾರೆ! ಸೀಲ್ ಹೋದರೆ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲೆಂದೇ ಆ ರಂಧ್ರವಿರುವುದು. ಅದರ ಸುತ್ತ ಕೂಲೆಂಟಿನ ಹಸಿರೋ ಗುಲಾಬಿಯೋ ಕಲೆ ಒಣಗಿ ನಿಂತಿದ್ದರೆ ಪಂಪ್ ಬದಲಿಸಿ. ಬೆಲ್ಟ್ ಕಳಚಿ ಪುಲ್ಲಿ ಅಲುಗಿಸಿದಾಗ ಲೊಡಲೊಡ ಎಂದರೂ ಅದೇ ಮದ್ದು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೈ ಹಾಕಿ. ಕೂಲೆಂಟನ್ನು ಟ್ರೇಗೆ ಇಳಿಸಿ. ರುಚಿ ಸಿಹಿ, ಆದರೆ ವಿಷ, ಬೀದಿನಾಯಿ ನೆಕ್ಕದಂತೆ ಎತ್ತಿಡಿ. ಹಳೆಯ ಪಂಪ್ ಬಿಚ್ಚಿ, ಅಲ್ಯೂಮಿನಿಯಂ ಗೀಚದಂತೆ ಹಳೆಯ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ) ಕೆರೆದು ತೆಗೆಯಿರಿ. ಹೊಸ ಪಂಪ್ ಕೂರಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟೈಮಿಂಗ್ ಬೆಲ್ಟಿನಿಂದ (ಎಂಜಿನ್ ವಾಲ್ವ್‌ಗಳ ಹೊತ್ತು ಹೊಂದಿಸುವ ಬೆಲ್ಟ್) ತಿರುಗುವ ಪಂಪಾದರೆ ಬೆಲ್ಟನ್ನೂ ಆಗಲೇ ಬದಲಿಸಿ. ಬಿಚ್ಚುವ ಕೂಲಿ ಎರಡು ಸಲ ಏಕೆ? ಕೊನೆಗೆ ಮುಚ್ಚಳ ತೆರೆದಿಟ್ಟು, ಹೀಟರ್ ಹಾಕಿ ಎಂಜಿನ್ ಓಡಿಸಿ, ಗಾಳಿಗುಳ್ಳೆ ನಿಲ್ಲುವವರೆಗೆ ಕೂಲೆಂಟ್ ತುಂಬಿ.