ಕುಂಡದ ಮಣ್ಣು ಬೆಕ್ಕು ಕೆರೆಯದಂತೆ ನಾನು ಮಾಡಿದ್ದು

ಬೆಕ್ಕಿಗೆ ಗಿಡದ ಮೇಲೆ ಸಿಟ್ಟೇನೂ ಇರುವುದಿಲ್ಲ. ಅದಕ್ಕೆ ಬೇಕಾಗಿರುವುದು ಮಲಮೂತ್ರ ಮಾಡಿ ಕೆರೆದು ಮುಚ್ಚಲು ಸಡಿಲವಾದ ಒಣ ಮಣ್ಣು. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ನಾವು ಹದ ಮಾಡಿಟ್ಟ ಕುಂಡದಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಹಾಗಾಗಿ ಬೈದು ಓಡಿಸಿ ಪ್ರಯೋಜನವಿಲ್ಲ. ಕೆರೆಯಲು ಆಗದ ಹಾಗೆ ಮಾಡಬೇಕು, ಅಷ್ಟೇ.

ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಎರಡು ಬೆಕ್ಕುಗಳಿವೆ. ಕಿತ್ತಳೆ ಸಿಪ್ಪೆ, ನಿಂಬೆ ಸಿಪ್ಪೆ ಹಾಕಿ ನೋಡಿದೆ. ಆ ವಾಸನೆ ಬೆಕ್ಕಿಗೆ ಆಗುವುದಿಲ್ಲ, ನಿಜ. ಆದರೆ ಸಿಪ್ಪೆ ಒಣಗಿದರೆ ವಾಸನೆ ಹೋಗುತ್ತದೆ, ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ.

ಕೊನೆಗೂ ಕೆಲಸಕ್ಕೆ ಬಂದಿದ್ದು ತೆಂಗಿನ ಕರಟ. ಕಾಯಿ ತುರಿದ ಮೇಲೆ ಉಳಿಯುತ್ತದಲ್ವಾ, ಅದೇ. ಮೊದಲು ಗಲೀಜಾದ ಮೇಲ್ಮಣ್ಣನ್ನು ಎರಡು ಮೂರು ಇಂಚು ತೆಗೆದು ಹೊಸದು ತುಂಬಿದೆ. ಮೂತ್ರದ ವಾಸನೆ ಉಳಿದರೆ ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ. ಆಮೇಲೆ ಕರಟವನ್ನು ಗೋಣಿಚೀಲದಲ್ಲಿಟ್ಟು ಸುತ್ತಿಗೆಯಿಂದ ಒಡೆದೆ. ಚೂರುಗಳು ತೀರಾ ಸಣ್ಣದಾಗಬಾರದು, ಸಣ್ಣದನ್ನು ಬೆಕ್ಕು ಸುಲಭವಾಗಿ ಎತ್ತಿ ಹಾಕುತ್ತದೆ. ಚೂಪಾದ ಅಂಚುಗಳನ್ನು ಸಿಮೆಂಟು ನೆಲಕ್ಕೆ ಉಜ್ಜಿದೆ. ಉಬ್ಬು ಮೇಲೆ ಬರುವಂತೆ ಬೋರಲು ಹಾಕಿ, ಒಂದರ ಅಂಚು ಇನ್ನೊಂದರ ಮೇಲೆ ಕೂರಿಸಿದೆ, ಮಂಗಳೂರು ಹೆಂಚು ಹೊದಿಸಿದ ಹಾಗೆ. ಕಾಂಡದ ಸುತ್ತ ಮಾತ್ರ ಎರಡು ಬೆರಳು ಜಾಗ ಬಿಟ್ಟೆ, ಇಲ್ಲದಿದ್ದರೆ ಅಲ್ಲಿ ಕೊಳೆಯುತ್ತದೆ. ನೀರು ಸಂದಿಯಲ್ಲಿ ಇಳಿಯುತ್ತದೆ, ತೇವ ಬೇಗ ಆರುವುದಿಲ್ಲ. ಅದಕ್ಕೇ ಈಗ ಬೆರಳು ಒಳಗಿಟ್ಟು ನೋಡಿಯೇ ನೀರು ಹಾಕುತ್ತೇನೆ.

ದೊಡ್ಡ ಕುಂಡಗಳಿಗೆ ಕೋಳಿಗೂಡಿನ ಜಾಲರಿಯನ್ನು ದುಂಡಗೆ ಕತ್ತರಿಸಿ, ತಂತಿಯ ತುದಿಗಳನ್ನು ಒಳಗೆ ಮಡಚಿ ಹಾಸಿದೆ. ಅದರ ಮೇಲೆ ತೆಳ್ಳಗೆ ಮಣ್ಣು. ಉಗುರಿಗೆ ತಂತಿ ತಾಗಿದರೆ ಬೆಕ್ಕು ಸುಮ್ನೆ ಹಿಂದೆ ಸರಿಯುತ್ತದೆ.

ಇಷ್ಟು ಮಾಡಿ ಬೇರೆ ಜಾಗ ಕೊಡದಿದ್ದರೆ ಅದು ಸೋಫಾ ಹುಡುಕುತ್ತದೆ. ಬೆಕ್ಕಿನ ಸಂಖ್ಯೆಗಿಂತ ಒಂದು ಶೌಚದ ಟ್ರೇ ಜಾಸ್ತಿ ಇರಲಿ ಎಂದು ಪಶುವೈದ್ಯರು ಹೇಳುತ್ತಾರೆ. ನಮ್ಮಲ್ಲಿ ಮೂರಿವೆ, ಗದ್ದಲವಿಲ್ಲದ ಮೂಲೆಗಳಲ್ಲಿ. ದಿನವೂ ತೆಗೆದು ಸ್ವಚ್ಛ ಮಾಡುತ್ತೇವೆ. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು, ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕು ತಗಲಬಹುದು.

ಬೆಕ್ಕನ್ನು ದೂರ ಇಡಲು ಕಾಫಿ ಚರಟ, ನುಸಿ ಗುಳಿಗೆ, ಫಿನಾಯಿಲ್ ಯಾವುದನ್ನೂ ದಯವಿಟ್ಟು ಹಾಕಬೇಡಿ. ಮೂರೂ ಬೆಕ್ಕಿಗೆ ವಿಷ. ಗೊಬ್ಬರಕ್ಕೆಂದು ಹರಳೆಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನೂ ಬಳಸಬೇಡಿ, ಅದರಲ್ಲಿ ರಿಸಿನ್ ಎಂಬ ವಿಷ ಉಳಿದಿರಬಹುದು.

ಕರಟ ಮಣ್ಣನ್ನು ಕಾಯುತ್ತದೆ, ಎಲೆಯನ್ನಲ್ಲ. ಎಲೆ ಕಡಿಯುವ ಚಪಲಕ್ಕೆ ಒಂದು ಅಗಲವಾದ ಡಬ್ಬಿಯಲ್ಲಿ ಗೋಧಿ ಬಿತ್ತಿ ಕೊಟ್ಟಿದ್ದೇನೆ. ಮನಿ ಪ್ಲಾಂಟ್ ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ, ಅದನ್ನು ಮೇಲೆ ತೂಗುಹಾಕಿದ್ದೇನೆ. ಲಿಲಿಯನ್ನಂತೂ ಹೂಗುಚ್ಛದಲ್ಲಿ ಬಂದರೂ ಒಳಗೆ ತರುವುದಿಲ್ಲ. ಮೈಗೆ ತಾಗಿದ ಅದರ ಪರಾಗ ನೆಕ್ಕಿದರೂ ಸಾಕು, ಬೆಕ್ಕಿನ ಕಿಡ್ನಿ ಹೋಗುತ್ತದೆ.